ಗೆರೆ ಇದ್ದರೆ ಕಡಲು

ತಪ್ಪು ಒಪ್ಪಿಕೊಳ್ಳುವ ಗುಣ ಆ ಹೆಂಗಸಿಗೆ ಇರಲಿಲ್ಲ. ಅದನ್ನು ಸ್ವಾಭಿಮಾನ ಎನ್ನುವವರಿದ್ದರು, ಕೆಲಸದ ಮೇಲಿನ ನಿಷ್ಠೆ ಎನ್ನುವವರೂ ಇದ್ದರು. ಅದು ಬರೀ ಹಟ. ಮೂವತ್ತೊಂದು ವರ್ಷ ಒಂದೇ ಕಿಟಕಿಯ ಕೆಳಗೆ ಕೂತು ಮುತ್ತು ಆರಿಸಿದವಳು ಆ ಮೂವತ್ತೊಂದು ವರ್ಷಗಳಲ್ಲಿ ಒಂದು ಸಲವೂ ತನ್ನಿಂದ ತಪ್ಪಾಯಿತೆಂದು ಬಾಯಿಬಿಟ್ಟು ಹೇಳಿದವಳಲ್ಲ. ಹಾಲು ಉಕ್ಕಿದರೆ ಒಲೆಯ ತಪ್ಪು, ಬಸ್ಸು ತಪ್ಪಿದರೆ ಬಸ್ಸಿನ ತಪ್ಪು, ಮಗ ಪರೀಕ್ಷೆಯಲ್ಲಿ ಫೇಲಾದಾಗ ತಪ್ಪು ಪ್ರಶ್ನೆಪತ್ರಿಕೆಯದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನ ಲೋಕದಲ್ಲಿ ಬೇಕಾದಷ್ಟಿದ್ದಾರೆ. ಈಕೆಗೆ ನಾಲ್ಕನೆಯ ಕಾಲನ್ನು ಹಿಡಿದು ತೋರಿಸಿದರೆ, ಹಾಗಾದರೆ ಇದು ಮೊಲವೇ ಅಲ್ಲ ಎನ್ನುವವಳು.

ಕೆಲಸದ ಮನೆಯಲ್ಲಿ ಅವಳಿಗೆ ಭೂತಗನ್ನಡಿ ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಆದರೆ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಹೊಗಳಿಕೆಯೆಂದೇ ತಿಳಿದಿದ್ದಳು. ಬಲಗಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡಾಗ ಎಡಗಣ್ಣನ್ನು ಮುಚ್ಚದೆ ಕೆಲಸ ಮಾಡುವವಳು ಅಲ್ಲಿ ಅವಳೊಬ್ಬಳೇ. ಆ ಎಡಗಣ್ಣು ಪಕ್ಕದಲ್ಲಿ ಕೂತ ಸೊಸೆಯ ಕೈಬೆರಳುಗಳನ್ನು ಕಾಯುತ್ತಿತ್ತು.

ಮದುವೆಯಾದ ಮೂರನೆಯ ತಿಂಗಳಿಗೆ ಅತ್ತೆಯೇ ಸೊಸೆಯನ್ನು ಕರೆತಂದು ಆ ಕುರ್ಚಿಯಲ್ಲಿ ಕೂರಿಸಿದ್ದು. ಅದಾಗಿ ಏಳು ವರ್ಷ. ಮನೆಯಲ್ಲಿ ಅತ್ತೆ, ಕೆಲಸದಲ್ಲಿ ಅತ್ತೆ, ಎರಡರ ನಡುವಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೂ ಅತ್ತೆಯದೇ. ಮನೆಯ ಕಿರಿಕಿರಿ ತಪ್ಪಿಸಿಕೊಳ್ಳಲೆಂದೇ ಕೆಲಸಕ್ಕೆ ಹೋಗುತ್ತೇವೆ ಎಂದು ನೆರೆಯ ಹೆಂಗಸರು ಹೇಳಿಕೊಂಡು ನಗುವಾಗ ಸೊಸೆಗೆ ನಗಲೂ ಆಗುತ್ತಿರಲಿಲ್ಲ, ಅಳಲೂ ಆಗುತ್ತಿರಲಿಲ್ಲ.

ಅತ್ತೆ ಈ ಕೆಲಸಕ್ಕೆ ಬಂದದ್ದು ನೆಲ ಒರೆಸಲು. ಆಗ ಅವಳಿಗೆ ಇಪ್ಪತ್ನಾಲ್ಕು. ಲಾಂಡ್ರಿಯ ಬಾಯ್ಲರ್ ಮುಂದೆ ಕೆಲಸ ಮಾಡುತ್ತಿದ್ದ ಗಂಡ ಶ್ವಾಸಕೋಶ ಕೆಟ್ಟು ತೀರಿಕೊಂಡಿದ್ದ. ಮಗನಿಗೆ ನಾಲ್ಕು ವರ್ಷ. ಕೆಳಗಿನ ಮಹಡಿಯಲ್ಲಿ ಮುತ್ತುಗಳನ್ನು ಜರಡಿ ಹಿಡಿಯುವುದು, ತೂತು ಕೊರೆಯುವುದು. ಮೇಲಿನ ಮಹಡಿಯಲ್ಲಿ ಆರಿಸುವುದು, ಪೋಣಿಸುವುದು. ನೆಲದ ಹಲಗೆಗಳ ಸಂದಿನಲ್ಲಿ ಬಿದ್ದ ಮುತ್ತುಗಳನ್ನು ಅವಳು ಹೇರ್‌ಪಿನ್ನಿನಿಂದ ಕೆದಕಿ ತೆಗೆದು, ಒಂದು ತಿಂಗಳಾದ ಮೇಲೆ ಮೂರು ಪೊಟ್ಟಣ ಮಾಡಿ ಆಗಿನ ಯಜಮಾನರ ಮುಂದಿಟ್ಟಳಂತೆ. ಇವು ಕಡಲಿನವು, ಇವು ಕೆರೆಯವು, ಇವು ಗಾಜು. ಯಜಮಾನರು ಮೂರನ್ನೂ ಬಿಚ್ಚಿ ನೋಡಿದರು. ಒಂದೂ ಅದಲುಬದಲಾಗಿರಲಿಲ್ಲ. ಯಾರು ಹೇಳಿಕೊಟ್ಟರು ಎಂದು ಕೇಳಿದ್ದಕ್ಕೆ, "ಹೇಳ್ಕೊಡೋದೇನು, ಕಣ್ಣಿಲ್ವಾ?" ಎಂದಳಂತೆ. ಮುಂದಿನ ವಾರ ಅವಳ ಕೈಯಿಂದ ಒರೆಸುವ ಬಟ್ಟೆ ಹೋಯಿತು, ಲೆನ್ಸ್ ಬಂತು. ಈ ಕಥೆಯನ್ನು ಸೊಸೆ ಏಳು ವರ್ಷಗಳಲ್ಲಿ ಅದೆಷ್ಟು ಸಲ ಕೇಳಿದ್ದಳೋ, ಎಲ್ಲಿ ಅತ್ತೆ ನಿಲ್ಲಿಸಿ ಚಹಾ ಗುಟುಕರಿಸುತ್ತಾಳೆ ಎನ್ನುವುದು ಕೂಡ ಅವಳಿಗೆ ಬಾಯಿಪಾಠ.

ಆದರೆ ಕೆಲಸ ಕಲಿಸಿದ್ದು ಅತ್ತೆಯೇ, ಚೆನ್ನಾಗಿಯೇ ಕಲಿಸಿದಳು. ಉತ್ತರದ ಕಿಟಕಿಯ ಬೆಳಕು ಬಿಟ್ಟು ಬೇರೆ ಬೆಳಕಿನಲ್ಲಿ ಆರಿಸಬಾರದು. ಮೇಜಿನ ಮೇಲೆ ಬಿಳಿ ಬಟ್ಟೆ, ಮೈಮೇಲೆ ಬೂದು ಬಟ್ಟೆ. ಸೊಸೆ ಮೊದಲ ದಿನ ಕೆಂಪು ಶಾಲು ಹೊದ್ದು ಬಂದಾಗ ಅತ್ತೆ ಅದನ್ನು ಕಿತ್ತು ಬಾಗಿಲ ಹೊರಗಿನ ಮೊಳೆಗೆ ನೇತುಹಾಕಿದ್ದಳು, ಮುತ್ತು ಪಕ್ಕದ ಬಣ್ಣವನ್ನೆಲ್ಲ ಕದ್ದು ಇಟ್ಟುಕೊಳ್ಳುತ್ತದೆ ಎಂದು. ಕೈಗೆ ಕ್ರೀಮು ಹಚ್ಚಬಾರದು. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ಎದುರಿನ ಕಟ್ಟಡದ ನೀರಿನ ಟ್ಯಾಂಕನ್ನು ನೋಡಬೇಕು, ಕಣ್ಣಿಗೆ ದೂರದ ಅಭ್ಯಾಸ ಹೋಗದಿರಲಿ ಎಂದು. ಗಿರಾಕಿಗಳು ಮುತ್ತನ್ನು ಹಲ್ಲಿಗೆ ಉಜ್ಜಿ ನೋಡಿ ಜಾಣರಂತೆ ತಲೆಯಾಡಿಸಿದರೆ ಅತ್ತೆಗೆ ಮೈಯುರಿ. ಹಲ್ಲಿಗೆ ಮರಳುಮರಳಾಗಿ ತಾಗಿದರೆ ಅದು ಗಾಜಲ್ಲ, ಮುತ್ತು ಎಂದಷ್ಟೇ ಗೊತ್ತಾಗುವುದು. ಕಡಲಿನದೋ ಕೆರೆಯದೋ ಎನ್ನುವುದನ್ನು ಹಲ್ಲು ಹೇಳುವುದಿಲ್ಲ.

ಅದನ್ನು ಹೇಳುವುದು ತೂತು. ಕಡಲಿನದಾಗಲಿ ಕೆರೆಯದಾಗಲಿ, ಈಗ ಮುತ್ತುಗಳೆಲ್ಲ ಸಾಕಿ ಬೆಳೆಸಿದವು. ಕಡಲ ಸಿಂಪಿಯ ಒಳಗೆ ದುಂಡನೆಯ ಬೀಜವೊಂದನ್ನು ಇಟ್ಟು ಬಿಡುತ್ತಾರೆ. ಸಿಂಪಿ ಅದರ ಸುತ್ತ ತೆಳ್ಳಗೆ ಹೊಳಪಿನ ಸಿಪ್ಪೆ ಕಟ್ಟುತ್ತದೆ. ಕೆರೆಯ ಚಿಪ್ಪಿಗೆ ಬೀಜವಿಲ್ಲ, ಚೂರು ಮಾಂಸ ಇಟ್ಟರೆ ಸಾಕು. ಅದು ಒಳಗಿನಿಂದ ಹೊರಗಿನವರೆಗೆ ಸಿಪ್ಪೆಯನ್ನೇ ಕಟ್ಟುತ್ತ ಹೋಗುತ್ತದೆ. ಆದ್ದರಿಂದ ತೂತಿನೊಳಗೆ ಲೆನ್ಸ್ ಹಿಡಿದು ನೋಡಿದಾಗ, ಬೀಜ ಮುಗಿದು ಸಿಪ್ಪೆ ಶುರುವಾಗುವಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಕಡಲಿನದು. ಏನೂ ಕಾಣದೆ ಒಂದೇ ಸಮನಾಗಿದ್ದರೆ ಕೆರೆಯದು. ಅತ್ತೆ ಇದಕ್ಕೊಂದು ಮಾತು ಕಟ್ಟಿದ್ದಳು: ಗೆರೆ ಇದ್ದರೆ ಕಡಲು, ಗೆರೆ ಇಲ್ಲದ್ದು ಕೆರೆ. ಅವಳ ಕೈಕೆಳಗೆ ಕಲಿತು ಬೇರೆ ಬೇರೆ ಅಂಗಡಿಗಳಿಗೆ ಹೋದ ಹನ್ನೊಂದು ಹೆಂಗಸರು ಇದೇ ಮಾತನ್ನು ಅಲ್ಲಲ್ಲಿ ಹೇಳಿಕೊಂಡು ಅನ್ನ ತಿನ್ನುತ್ತಿದ್ದರು.

ಕೊನೆಗೆ ಚೀಟಿ. ಆರಿಸಿದ ಮುತ್ತಿನ ಜೊತೆ ಹೋಗುವ ಚೀಟಿಯಲ್ಲಿ ಯಾವ ನೀರಿನದು ಎಂದು ಬರೆದು ಸಹಿ ಹಾಕುವ ಹಕ್ಕು ಅತ್ತೆಗೆ ಮಾತ್ರ. ಊರಿನ ವ್ಯಾಪಾರಿಗಳು ಆ ಸಹಿ ನೋಡಿದರೆ ಮುತ್ತನ್ನು ನೋಡುತ್ತಿರಲಿಲ್ಲ. ಏಳು ವರ್ಷ ಅದೇ ಮುತ್ತುಗಳನ್ನು ಅದೇ ಬೆಳಕಿನಲ್ಲಿ ಆರಿಸಿದರೂ ಸೊಸೆಯ ಹೆಸರು ಒಂದು ಚೀಟಿಯ ಮೇಲೂ ಬಿದ್ದಿರಲಿಲ್ಲ. ಇನ್ನೂ ಕಣ್ಣು ಬಲಿಯಬೇಕು ಎನ್ನುತ್ತಿದ್ದಳು ಅತ್ತೆ, ಹಲಸಿನಕಾಯಿಯ ಮಾತು ಆಡುವವಳಂತೆ.

ಜಗಳಕ್ಕೆ ಕಾರಣವಾದ ಮುತ್ತುಗಳು ಬಂದದ್ದು ಒಂದು ಮಂಗಳವಾರ. ಹೊಸ ವ್ಯಾಪಾರಿಯೊಬ್ಬ ಕಳಿಸಿದ್ದು: ನೂರ ನಲವತ್ತೇಳು ಮುತ್ತು, ಎಲ್ಲವೂ ಎಂಟೂವರೆ ಮಿಲಿಮೀಟರು, ತೂತು ಕೊರೆದು ಒಂದಕ್ಕೊಂದು ಹೊಂದಿಸಿದವು, ಮೂರೆಳೆಯ ಹಾರಕ್ಕೆ. ತನಗೂ ಬೇರೆ ಕಡೆಯಿಂದ ಕೈಬದಲಾಗಿ ಬಂದದ್ದು, ಯಾವ ನೀರಿನದೆಂದು ನೀವೇ ಹೇಳಿ, ನೀವು ಬರೆದದ್ದೇ ಖಾಯಂ ಎಂದು ಕಾಗದದಲ್ಲಿತ್ತು. ಕಡಲಿನದಾದರೆ ಬೆಲೆ ಐದಾರು ಪಟ್ಟು.

ಅತ್ತೆ ಹತ್ತು ಮುತ್ತು ತೆಗೆದು ತೂತು ನೋಡಿದಳು. ಹತ್ತರಲ್ಲೂ ಗೆರೆ. ಇನ್ನು ಹತ್ತು. ಅವುಗಳಲ್ಲೂ ಗೆರೆ. ಕಡಲು, ಎಂದು ಲೆನ್ಸ್ ಕೆಳಗಿಟ್ಟಳು.

ಸೊಸೆ ಒಂದು ಮುತ್ತನ್ನು ಕಿಟಕಿಯ ಕಡೆ ಹಿಡಿದಿದ್ದಳು. ಒಳ್ಳೆಯ ಕಡಲ ಮುತ್ತಿನ ಮೈಯಲ್ಲಿ ಕಿಟಕಿಯ ಸರಳುಗಳನ್ನು ಎಣಿಸಬಹುದು, ಅಷ್ಟು ಚೂಪಾಗಿ ಕಾಣುತ್ತವೆ. ಇದರಲ್ಲಿ ಸರಳುಗಳು ಹಾಲಿನೊಳಗೆ ಅದ್ದಿದಂತೆ ಅಂಚು ಕಳೆದುಕೊಂಡಿದ್ದವು. ಗಾಜಿನ ಹಲಗೆಯ ಮೇಲೆ ಉರುಳಿಸಿದಳು. ನೆಟ್ಟಗೆ ಹೋಗಬೇಕಾದದ್ದು ಕೊನೆಯಲ್ಲಿ ಸೊಟ್ಟಗೆ ತಿರುಗಿತು. ತೂತು ನೋಡಿದಳು. ಗೆರೆ ಇತ್ತು, ನಿಜ. ಆದರೆ ಗೆರೆ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಈ ಗಾತ್ರದ ಕಡಲ ಮುತ್ತಿಗೆ ಸಿಪ್ಪೆ ಮೊಟ್ಟೆಯ ಓಡಿನಷ್ಟು ತೆಳು. ತೂತಿನ ಬಾಯಲ್ಲೇ ಗೆರೆ ಸಿಗುತ್ತದೆ. ಇಲ್ಲಿ ಗೆರೆ ಬಹಳ ಒಳಗೆ, ಬಾವಿಯ ಅರ್ಧಕ್ಕೆ ಇಳಿದು ಕೂತಂತೆ ಕೂತಿತ್ತು.

"ಅತ್ತೆ, ಇದು ಕೆರೇದು," ಎಂದಳು. ಈಗೀಗ ಕೆರೆಯ ಚಿಪ್ಪಿಗೂ ಬೀಜ ಇಡುತ್ತಿದ್ದಾರೆ ಎಂದು ಕೇಳಿದ್ದೇನೆ, ಇದು ಅಂಥದ್ದೇ ಇರಬೇಕು ಎಂದೂ ಸೇರಿಸಿದಳು.

ಕೋಣೆಯ ಆ ಕಡೆ ಕೂತು ಪೋಣಿಸುತ್ತಿದ್ದ ದಾರದಕ್ಕನ ಸೂಜಿ ನಿಂತಿತು. ದಾರದಕ್ಕ ಇಪ್ಪತ್ತು ವರ್ಷದಿಂದ ಮುತ್ತಿಗೂ ಮುತ್ತಿಗೂ ನಡುವೆ ಗಂಟು ಹಾಕುತ್ತ ಬಂದವಳು. ಬೇರೆಯವರ ಮಾತಿಗೂ ಮಾತಿಗೂ ನಡುವೆ ಗಂಟು ಹಾಕುವುದು ಅವಳ ಇನ್ನೊಂದು ಕಸುಬು.

ಅತ್ತೆ ಸೊಸೆಯ ಕಡೆ ತಿರುಗಲಿಲ್ಲ. ಗೆರೆ ಕಾಣುತ್ತಿದೆಯೋ ಇಲ್ಲವೋ ಎಂದು ಕೇಳಿದಳು. ಕಾಣುತ್ತಿದೆ ಎಂದಳು ಸೊಸೆ. ಹಾಗಾದರೆ ಮುಗಿಯಿತು ಎಂದಳು ಅತ್ತೆ. ಸಿಪ್ಪೆ ಇಷ್ಟು ದಪ್ಪ ಇದೆಯಲ್ಲ ಎಂದರೆ, ಕಡಲಲ್ಲಿ ಹೆಚ್ಚು ದಿನ ಬಿಟ್ಟಿದ್ದಾರೆ, ಒಳ್ಳೆಯ ಮಾಲು. ಸರಳು ಮಸುಕಾಗಿದೆ ಎಂದರೆ, ಕಿಟಕಿ ತೊಳೆದು ವಾರವಾಯಿತು. ಸೊಟ್ಟಗೆ ಉರುಳಿತು ಎಂದರೆ, "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಳಂತೆ. ಮೇಜು ಸಮ ಇದೆಯಾ ನೋಡು ಮೊದಲು." ಮೇಜು ಸಮವಾಗಿಯೇ ಇತ್ತು. ಅದನ್ನು ಹೇಳಿ ಪ್ರಯೋಜನವಿರಲಿಲ್ಲ.

ದಾರದಕ್ಕ ಮೆಲ್ಲಗೆ ಹೇಳಿದಳು, "ಭೂತಗನ್ನಡಿ ಕೆಳಗೆ ಇರುವೆ ಇಟ್ರೆ ಆನೆ ಆಗತ್ತೆ. ಸೊಸೆ ಮಾತ್ರ ಇರುವೆಯಾಗೇ ಇರ್ತಾಳೆ." ಮೆಲ್ಲಗೆ ಎಂದರೆ ಎಲ್ಲರಿಗೂ ಕೇಳುವಷ್ಟು.

ಸೊಸೆ ಏಳು ವರ್ಷಗಳಲ್ಲಿ ಮೊದಲ ಬಾರಿಗೆ ಅತ್ತೆಯನ್ನು ದಾಟಿ ಯಜಮಾನರ ಕೋಣೆಗೆ ಹೋದಳು. ಹಳೆಯ ಯಜಮಾನರ ಮಗ ಇವರು. ಒಳ್ಳೆಯವರು, ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಸೊಸೆ ಹೇಳಿದ್ದನ್ನೆಲ್ಲ ಕೇಳಿ ಗಲ್ಲ ಕೆರೆದುಕೊಂಡರು. ಬೇರೆ ಊರಿನಲ್ಲಿ ಪರೀಕ್ಷಾ ಕೇಂದ್ರವಿದೆ, ಎಕ್ಸ್‌ರೇ ಕೆಳಗೆ ಹಿಡಿದರೆ ಕೆರೆಯ ಮುತ್ತು ಹಳದಿಹಸಿರಾಗಿ ಮಿನುಗುತ್ತದೆ, ಕಡಲಿನದು ಕತ್ತಲೆಯಾಗಿಯೇ ಉಳಿಯುತ್ತದೆ, ಮುತ್ತಿಗೆ ಏನೂ ಆಗುವುದಿಲ್ಲ, ಹಾಗೇ ವಾಪಸು ಬರುತ್ತದೆ ಎಂದಳು ಸೊಸೆ. ಎರಡು ಮುತ್ತು ಕಳಿಸೋಣ ಎಂದರು ಯಜಮಾನರು. ಅದು ಅತ್ತೆಯ ಕಿವಿಗೆ ಬಿದ್ದಾಗ ಅವಳು ಕೂಗಾಡಲಿಲ್ಲ. ಯಜಮಾನರ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು.

"ಕಳಿಸಿ. ಆದರೆ ಇವಳ ಮಾತು ನಿಜ ಅಂತ ಸಾಬೀತಾಗದಿದ್ರೆ ನನ್ನ ಮೇಜಿನ ಹತ್ರ ಇವಳು ಕೂರೋದು ಬೇಡ. ಕೆಳಗೆ ಜರಡಿ ಹಿಡೀಲಿ."

ಯಜಮಾನರು ಇದಕ್ಕೂ ಆಗಲಿ ಎಂದರು.

ಮನೆಯಲ್ಲಿ ಸೊಸೆ ಗಂಡನ ಹತ್ತಿರ ಹೇಳಿಕೊಂಡಳು. ಅವನಿಗೆ ಲಿಫ್ಟ್ ರಿಪೇರಿ ಕೆಲಸ. ಅಮ್ಮನ ಸುದ್ದಿ ಬಂದಾಗಲೆಲ್ಲ ಅವನಿಗೆ ಉಪಕರಣಗಳ ಪೆಟ್ಟಿಗೆ ನೆನಪಾಗುತ್ತದೆ. ಆಗಲೂ ಅದನ್ನು ತೆರೆದು ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸುತ್ತ ಕೂತಿದ್ದ. ಕೊನೆಗೆ ಹೇಳಿದ, "ಎರಡು ಮಹಡಿ ಮಧ್ಯೆ ಸಿಕ್ಕಿಹಾಕ್ಕೊಂಡೋರಿಗೆ ನಾವು ಹೇಳೋದು ಒಂದೇ. ಗುಂಡಿ ಒತ್ತಬೇಡಿ, ಸುಮ್ನಿರಿ."

"ಏಳು ವರ್ಷದಿಂದ ಸುಮ್ನೇ ಇದೀನಿ," ಎಂದಳು ಅವಳು. "ಯಾವಾಗ ಬರ್ತೀರಿ ತೆಗೆಯೋಕೆ?"

ಅವನು ನಕ್ಕ. ಅವಳು ನಗಲಿಲ್ಲ. ಗೋಡೆಯ ಆಚೆ ಅತ್ತೆ ಕೆಮ್ಮಿದಳು. ಆ ಮನೆಯ ಗೋಡೆಗಳು ಅಷ್ಟು ದಪ್ಪದವಲ್ಲ.

ವರದಿ ಬರಲು ಹನ್ನೆರಡು ದಿನ ಹಿಡಿಯಿತು. ಆ ಹನ್ನೆರಡು ದಿನ ಅತ್ತೆ ಸೊಸೆಯರು ಒಂದೇ ಬಸ್ಸಿನಲ್ಲಿ ಹೋಗಿ, ಒಂದೇ ಮೇಜಿನಲ್ಲಿ ಕೂತು, ಒಂದೇ ಬಸ್ಸಿನಲ್ಲಿ ಬಂದರು. ಉಪ್ಪು ಕೊಡು, ಬಾಗಿಲು ಹಾಕು ಎನ್ನುವುದಕ್ಕಿಂತ ಹೆಚ್ಚಿನ ಮಾತು ಅವರ ನಡುವೆ ಆಗಲಿಲ್ಲ. ಸೊಸೆ ಮನಸ್ಸಿನಲ್ಲೇ ಮಾತುಗಳನ್ನು ಹೊಂದಿಸಿಕೊಳ್ಳುತ್ತಿದ್ದಳು. ಗೆದ್ದಾಗ ಏನು ಹೇಳಬೇಕು ಎಂದು. ಏನೂ ಹೇಳಬಾರದು, ಸುಮ್ಮನೆ ಪೆನ್ನಿಗೆ ಕೈ ಚಾಚಬೇಕು ಎಂದು ಕೊನೆಗೆ ತೀರ್ಮಾನಿಸಿದ್ದಳು.

ವರದಿಯಲ್ಲಿ ಎರಡು ಸಾಲು. ಎರಡೂ ಮುತ್ತು ಮಿನುಗಿವೆ, ಸಿಹಿನೀರಿನ ಲಕ್ಷಣ. ಯಜಮಾನರು ಓದಿ ಹೇಳಿದಾಗ ಸೊಸೆಗೆ ಕಾಲು ಹಗುರಾಯಿತು. ದಾರದಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಆರಾಮವಾಗಿ ಕೂತಳು, ನಾಟಕ ನೋಡಲು ಬಂದವಳಂತೆ.

ಅತ್ತೆ ವರದಿಯನ್ನು ಈಸಿಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ಓದಿದಳು. ಆಮೇಲೆ ಕೇಳಿದಳು, ಕಡಲ ಮುತ್ತಿನ ಬೀಜವನ್ನು ಯಾವುದರಿಂದ ಕಡೆಯುತ್ತಾರೆ?

ಎಲ್ಲರಿಗೂ ಉತ್ತರ ಗೊತ್ತಿತ್ತು. ಕಡಲ ಸಿಂಪಿಯೊಳಗೆ ಇಡುವ ಬೀಜವನ್ನು ಹೊಳೆಯ ಚಿಪ್ಪಿನಿಂದ ಕಡೆಯುತ್ತಾರೆ; ಸಿಹಿನೀರಿನ ಚಿಪ್ಪಿನಿಂದ.

"ಮೆಷಿನ್ನು ಒಳಗಿನ ಬೀಜ ನೋಡಿ ಮಿನುಗ್ತು ಅಂತ ಬರೆದಿದೆ," ಎಂದಳು ಅತ್ತೆ. "ಸಿಪ್ಪೆ ಮಿನುಗ್ತೋ ಬೀಜ ಮಿನುಗ್ತೋ, ಇದರಲ್ಲಿ ಎಲ್ಲಿದೆ? ತೋರಿಸಿ."

ಎಲ್ಲಿಯೂ ಇರಲಿಲ್ಲ. ಸೊಸೆ ಆ ಎರಡು ಸಾಲನ್ನು ನಾಲ್ಕು ಸಲ ಓದಿದಳು. ಅತ್ತೆಯ ಮಾತು ಸುಳ್ಳಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಮಾತು ನಿಜ, ತೆಳು ಸಿಪ್ಪೆಯ ಕಡಲ ಮುತ್ತುಗಳು ಹಾಗೆ ಮಿನುಗುವುದುಂಟು. ನಿಜವಾದ ಮಾತೊಂದನ್ನು ತಪ್ಪಾದ ಜಾಗದಲ್ಲಿ ತಂದು ನಿಲ್ಲಿಸಿ ದಾರಿ ಮುಚ್ಚಿದ್ದಳು ಅತ್ತೆ. ಸಿಪ್ಪೆ ದಪ್ಪ ಎಂದಾಗ ಒಳ್ಳೆಯ ಮಾಲು ಎಂದವಳು ಇವಳೇ. ದಪ್ಪ ಸಿಪ್ಪೆಯನ್ನು ದಾಟಿ ಬೀಜ ಮಿನುಗಿತು ಎನ್ನುವವಳೂ ಇವಳೇ. ಎರಡು ನಾಲಿಗೆ. ಆದರೆ ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಯಜಮಾನರ ಮುಖ ಸಡಿಲವಾಗಿಬಿಟ್ಟಿತ್ತು. ಮೂವತ್ತೊಂದು ವರ್ಷದ ಸಹಿಯನ್ನು ಎರಡು ಸಾಲಿನ ಕಾಗದಕ್ಕಾಗಿ ಕಳೆದುಕೊಳ್ಳುವ ಭಯ ಅವರಿಗಿತ್ತು. ಆ ಭಯ ಈಗ ತಪ್ಪಿತ್ತು.

"ಹಾಗಾದ್ರೆ ಸಿಪ್ಪೆ ಒಂದನ್ನೇ ಕಳಿಸೋಣ," ಎಂದಳು ಸೊಸೆ. ಅವಳ ದನಿ ಅವಳಿಗೇ ಗಟ್ಟಿಯಾಗಿ ಕೇಳಿಸಿತು. "ಒಂದು ಮುತ್ತು ಒಡೀರಿ. ಬೀಜ ತೆಗೆದು ಇಟ್ಕೊಳ್ಳಿ. ಬರೀ ಸಿಪ್ಪೆ ಚೂರು ಎಕ್ಸ್‌ರೇ ಕೆಳಗೆ ಮಿನುಗಿದ್ರೆ ಆಮೇಲೆ ಯಾರೂ ಬೀಜದ ಮೇಲೆ ಹಾಕೋ ಹಾಗಿಲ್ಲ. ಒಂದೇ ಒಂದು ಮುತ್ತು."

ಯಜಮಾನರು ಬೆಚ್ಚಿದರು. ನೂರ ನಲವತ್ತೇಳು ಹೊಂದಿಸಿದ ಮುತ್ತು, ಪರರ ಮಾಲು, ಎಣಿಸಿ ಮೊಹರು ಹಾಕಿ ಬಂದದ್ದು. ಅದರಲ್ಲಿ ಒಂದನ್ನು ಬೇಕೆಂದೇ ಒಡೆಯುವುದೆಂದರೇನು? ವ್ಯಾಪಾರಿಯನ್ನು ಕೇಳಬಹುದಲ್ಲ ಎಂದಳು ಸೊಸೆ. ನಮಗೇ ಗೊತ್ತಾಗುತ್ತಿಲ್ಲ ಎಂದು ಅವನಿಗೆ ಬರೆದುಕೊಡಬೇಕೇ ಎಂದರು ಅವರು. ಈ ಮನೆಯಲ್ಲಿ ಇದುವರೆಗೆ ಒಂದು ಮುತ್ತು ಒಡೆದಿಲ್ಲ, ಒಂದು ಕಳೆದಿಲ್ಲ, ಅಂಥ ಹೆಸರು. ಸಾಕು ಇದು. ಸೋಮವಾರ ಮಾಲು ವಾಪಸು ಹೋಗಬೇಕು, ಚೀಟಿ ನಿಮ್ಮತ್ತೆ ಬರೆಯುತ್ತಾರೆ. ಮತ್ತು, ಎಂದು ಕಿಟಕಿಯ ಕಡೆ ನೋಡುತ್ತ ಸೇರಿಸಿದರು, ಒಪ್ಪಿದ ಮಾತಿನಂತೆ ಸೋಮವಾರದಿಂದ ನೀವು ಕೆಳಗೆ ಜರಡಿಗೆ.

ಸೊಸೆ ಅತ್ತೆಯ ಮುಖ ನೋಡಿದಳು. ಗೆದ್ದವಳ ಮುಖದಲ್ಲಿ ಗೆಲುವಾದರೂ ಕಂಡಿದ್ದರೆ ಬೈದುಕೊಳ್ಳಲು ಅನುಕೂಲವಾಗುತ್ತಿತ್ತು. ಅತ್ತೆ ವಾಪಸು ಬಂದ ಎರಡು ಮುತ್ತುಗಳಲ್ಲಿ ಒಂದನ್ನು ಎತ್ತಿಕೊಂಡು ಅದರ ತೂತಿಗೆ ಲೆನ್ಸ್ ಹಿಡಿದಿದ್ದಳು. ಬಹಳ ಹೊತ್ತು ಹಿಡಿದೇ ಇದ್ದಳು. ಎಡಗಣ್ಣು ಮುಚ್ಚಿತ್ತು.

ಸೊಸೆ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಬಸ್ಸಿನಲ್ಲಿ ಅವಳು ಅತ್ತೆಯ ಪಕ್ಕ ಕೂರದೆ ಹಿಂದೆ ನಿಂತಳು. ಶನಿವಾರ ಪಾತ್ರೆಗಳ ಸದ್ದು ಜಾಸ್ತಿಯಾಯಿತು. ಭಾನುವಾರ ಬೆಳಿಗ್ಗೆ ಅತ್ತೆ ಕೆಲಸದ ಮನೆಯ ಬೀಗದ ಕೈ ತೆಗೆದುಕೊಂಡು ಎಲ್ಲಿಗೆಂದು ಹೇಳದೆ ಹೊರಟಳು. ರಜಾದಿನ ಕಿಟಕಿ ತೊಳೆಯಲು ಹೀಗೆ ಹೋಗುವುದುಂಟು. ಬೇರೆಯವರು ತೊಳೆದರೆ ಗಾಜಿನ ಮೇಲೆ ಗೀರು ಬೀಳುತ್ತದೆ ಎನ್ನುವುದು ಅವಳ ನಂಬಿಕೆ. ಸೊಸೆ ಹಾಸಿಗೆಯ ಹೊದಿಕೆಗಳನ್ನು ಒಗೆದು ಹಾಕುತ್ತ, ಜರಡಿಯ ಕೋಣೆಯ ಧೂಳು, ಕೊರೆಯುವ ಯಂತ್ರದ ಕಿರ್ ಕಿರ್, ತೂತಿನ ಬಾಯಿಗೆ ಹಾಯಿಸುವ ತಣ್ಣೀರು, ಅಲ್ಲಿ ಕೂತವರ ಬಿರಿದ ಬೆರಳುಗಳು, ಎಲ್ಲವನ್ನೂ ಒಂದೊಂದಾಗಿ ನೆನೆದುಕೊಂಡಳು. ತಾನು ಸರಿಯಾಗಿದ್ದೂ ಅಲ್ಲಿ ಕೂರಬೇಕು. ತಪ್ಪು ಮಾಡಿ ಕೂತಿದ್ದರೆ ಅಷ್ಟು ಸಂಕಟವಿರಲಿಲ್ಲ. ಹೊದಿಕೆಯ ನೀರನ್ನು ಅವಳು ಎಷ್ಟು ಬಿಗಿಯಾಗಿ ಹಿಂಡಿದಳೆಂದರೆ ಹೊಲಿಗೆಯೊಂದು ಪಟ್ಟೆಂದು ಬಿಚ್ಚಿತು. ಗಂಡ ಒಳಗಿನಿಂದ ಏನದು ಎಂದು ಕೇಳಿದ. ಏನೂ ಇಲ್ಲ, ನಿಮ್ಮಮ್ಮನ ಹೊದಿಕೆ ಎಂದಳು.

ಸೋಮವಾರ ಬೆಳಿಗ್ಗೆ ಅವಳು ಮೇಲೆ ಹೋದದ್ದು ತನ್ನ ಲೆನ್ಸು, ಇಕ್ಕಳ, ಕುಡಿಯುವ ಲೋಟ ಎತ್ತಿಕೊಂಡು ಬರಲು. ಯಜಮಾನರು ಕಿಟಕಿಯ ಮೇಜಿನ ಬಳಿ ನಿಂತು ಮಾಲನ್ನು ಎಣಿಸುತ್ತಿದ್ದರು. ಎಣಿಸಲು ಮರದ ಹಲಗೆಯೊಂದಿದೆ, ಅದರಲ್ಲಿ ಸಾಲಿಗೆ ಇಪ್ಪತ್ತರಂತೆ ಗುಳಿಗಳು. ಮುತ್ತು ಸುರಿದು ಅಲುಗಿಸಿದರೆ ಗುಳಿಗೊಂದು ಕೂರುತ್ತದೆ. ಏಳು ಸಾಲು ತುಂಬಿತು. ಉಳಿದವು ಆರು. ಅವರು ಹಲಗೆಯನ್ನು ಮತ್ತೆ ಅಲುಗಿಸಿದರು. ಆರೇ. ಬಟ್ಟೆ ಎತ್ತಿ ಕೊಡವಿದರು. ಮೂರನೆಯ ಸಲ ಎಣಿಸುವಾಗ ಅವರ ಹಣೆಯಲ್ಲಿ ಬೆವರು ಬಂದಿತ್ತು.

ದಾರದಕ್ಕ ಆಗಲೇ ಮೇಜಿನ ಕೆಳಗೆ ಮಂಡಿಯೂರಿದ್ದಳು. ಸೊಸೆಯೂ ಕೂತು ಹಲಗೆಗಳ ಸಂದಿನಲ್ಲಿ ಬೆರಳಾಡಿಸಿದಳು. ಒಂದು ಮುತ್ತು ಒಡೆಯಿರಿ ಎಂದು ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿದವಳು ಅವಳು. ಈಗ ಒಂದು ಮುತ್ತು ಇಲ್ಲ. ಯಾರು ಯಾರ ಕಡೆ ನೋಡುತ್ತಾರೆ ಎನ್ನುವುದು ಲೆಕ್ಕ ಹಾಕಬೇಕಾದ ವಿಷಯವಾಗಿರಲಿಲ್ಲ. ಯಜಮಾನರು ಅವಳ ಕಡೆ ನೋಡಿಯೂ ಆಗಿತ್ತು.

"ಹುಡುಕಬೇಡಿ," ಎಂದಳು ಅತ್ತೆ.

ಅವಳು ತನ್ನ ಕುರ್ಚಿಯಿಂದ ಎದ್ದಿರಲಿಲ್ಲ. "ನಿನ್ನೆ ಕಿಟಕಿ ತೊಳೆಯೋಕೆ ಬಂದಿದ್ದೆ. ಇನ್ನೊಂದ್ಸಲ ನೋಡೋಣ ಅಂತ ಒಂದು ಕೈಗೆ ತಗೊಂಡೆ. ಕೈ ತಪ್ತು. ಕುರ್ಚಿ ಕಾಲಿಗೆ ಸಿಕ್ಕಿ ಒಡೆದುಹೋಯ್ತು. ನಂದೇ ತಪ್ಪು."

ದಾರದಕ್ಕ ಮೇಜಿನ ಕೆಳಗೇ ಉಳಿದಳು. ಅಲ್ಲಿಂದ ತಲೆ ಮಾತ್ರ ಹೊರಗೆ ಬಂದಿತ್ತು.

ಯಜಮಾನರು ನಂಬಲಾರದೆ, ನಿಮ್ಮ ಕೈಯಿಂದಲೇ ಎಂದು ಕೇಳಿದರು. ನನ್ನದೇ ಕೈ, ಇನ್ನು ಯಾರ ಕೈ ಎಂದಳು ಅತ್ತೆ. ವ್ಯಾಪಾರಿಗೆ ಬರೆದುಕೊಡಬೇಕಾಗುತ್ತದೆ, ಹೆಸರು ಹಾಕಬೇಕಾಗುತ್ತದೆ ಎಂದರು ಅವರು, ಬೇಡ ಎನ್ನಲಿ ಎಂಬ ಆಸೆಯಿಂದ. ಅದನ್ನು ಬರೆದಿದ್ದೇನೆ ಎಂದು ಅತ್ತೆ ಮಡಿಸಿದ ಕಾಗದವೊಂದನ್ನು ಮುಂದಕ್ಕೆ ತಳ್ಳಿದಳು. ಅಜಾಗರೂಕತೆಯಿಂದ ಒಂದು ಮುತ್ತು ಒಡೆದಿದೆ ಎಂದು ಅವಳ ದುಂಡು ಅಕ್ಷರದಲ್ಲಿತ್ತು. ಕೆಳಗೆ ಊರಿಗೆಲ್ಲ ಗೊತ್ತಿದ್ದ ಅದೇ ಸಹಿ. ಯಾವ ನೀರಿನದೆಂದು ಬರೆಯಬೇಕಾದ ಇನ್ನೊಂದು ಚೀಟಿ ಅದರ ಪಕ್ಕದಲ್ಲೇ ಖಾಲಿಯಾಗಿತ್ತು. ಮಾಲು ಎರಡು ವಾರ ತಡವಾಗುತ್ತದೆ ಎಂದೂ ಬರೆದುಬಿಡಿ ಎಂದಳು.

ಸೊಸೆ ನೆಲದಲ್ಲಿ ಕೂತೇ ಇದ್ದಳು. ಅವಳ ಕಣ್ಣಿನ ಮಟ್ಟಕ್ಕೆ ಅತ್ತೆಯ ಕುರ್ಚಿಯ ಕಾಲುಗಳಿದ್ದವು. ನಾಲ್ಕಕ್ಕೂ ದಪ್ಪನೆಯ ಉಣ್ಣೆಯ ಟೋಪಿ ಹೊಲಿದು ಹಾಕಿತ್ತು, ಆ ಕೋಣೆಯ ಎಲ್ಲ ಕುರ್ಚಿಗಳಿಗೂ ಇದ್ದಂತೆ. ಅದರ ಕೆಳಗೆ ಸಿಕ್ಕಿದರೆ ಒಣ ಬಟಾಣಿಯೂ ಒಡೆಯುವುದಿಲ್ಲ.

ಅವಳು ಎದ್ದು ನಿಂತಾಗ ಅತ್ತೆ ಪೊಟ್ಟಣವೊಂದನ್ನು ಅವಳ ಕೈಗೆ ಹಾಕಿದಳು. ಔಷಧಿ ಪುಡಿ ಕಟ್ಟುವಂತೆ ಕಟ್ಟಿದ ಬಿಳಿ ಕಾಗದ. ಸೊಸೆ ಬಿಚ್ಚಿದಳು. ಒಳಗೆ ಹೊಳೆಯುವ ಚೂರುಗಳು, ಅಕ್ಕಿಯ ನುಚ್ಚಿನಷ್ಟು ಸಣ್ಣವು, ಇಕ್ಕಳದಲ್ಲಿ ಎತ್ತಿ ಎತ್ತಿ ಬೇರೆ ಮಾಡಿದವು. ಬೀಜದ ಮಾಸಲು ಬಿಳುಪಿನ ಒಂದು ಕಣವೂ ಅದರಲ್ಲಿ ಇರಲಿಲ್ಲ. ಬರೀ ಸಿಪ್ಪೆ. ಕಪ್ಪು ಗೆರೆ ಅಂಟಿಕೊಂಡಿದ್ದ ಕಡೆಯೆಲ್ಲ ಬ್ಲೇಡಿನಿಂದ ಹೆರೆದು ತೆಗೆದಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಹಿಡಿಯುವ ಕೆಲಸ ಅದು, ಉತ್ತರದ ಬೆಳಕು ಇರುವಷ್ಟು ಹೊತ್ತು.

"ಅತ್ತೆ," ಎಂದಳು ಸೊಸೆ. ಮುಂದೆ ಏನು ಹೇಳಬೇಕೆಂದು ಅವಳು ಹೊಂದಿಸಿಕೊಂಡಿರಲಿಲ್ಲ.

"ಕಡಲಿಂದೇ ಅದು," ಎಂದಳು ಅತ್ತೆ, ಲೆನ್ಸನ್ನು ಬಲಗಣ್ಣಿಗೆ ಸಿಕ್ಕಿಸಿಕೊಳ್ಳುತ್ತ. "ಅಂಚೆಗೆ ಹಾಕಿ ಬಾ. ಬಂದು ಇಲ್ಲೇ ಕೂತ್ಕೋ, ಕೆಲಸ ರಾಶಿ ಬಿದ್ದಿದೆ."